ಸುತ್ತಿದರೂ ಒಳಗೆ ಹೋಗದ ಸುರುಳಿ

ಹಂಪಸಾಗರದ ಮಕ್ಕಳಿಗೆ ಚಿತ್ರಕಲೆ ಕಲಿಸುವಾಗ ನಾನು ಮತ್ತೆ ಮತ್ತೆ ಮಾಡಿಸುವ ಆಟವೊಂದಿದೆ. ಒಂದರೊಳಗೊಂದು ವೃತ್ತ ಬರೆದು, ನೋಡಿದವರಿಗೆ ಅದು ಸುರುಳಿಯಂತೆ ಕಾಣಿಸಬೇಕು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ಫ್ರೇಸರ್ 1908ರಲ್ಲಿ ಪ್ರಕಟಿಸಿದ ಚಿತ್ರ ಇದರ ಮೂಲ. ತಮ್ಮ ಶಾಲೆಯಲ್ಲಿ ಮಾಡಿಸಬೇಕೆನ್ನುವ ಮೇಷ್ಟ್ರುಗಳಿಗೆ ಈ ಮಾತುಗಳು.

1. ಮೊದಲು ಹಗ್ಗ, ಆಮೇಲೆ ಚಿತ್ರ. ಕರಿ ನೂಲು, ಬಿಳಿ ನೂಲು ಕೂಡಿಸಿ ಹೊಸೆದು ಬೂದು ಹಾಳೆಯ ಮೇಲೆ ನೆಟ್ಟಗೆ ಎಳೆದಿಡಿ. ಹಗ್ಗ ಒಂದು ಕಡೆ ವಾಲಿದಂತೆ ಕಾಣುತ್ತದೆ. ಫ್ರೇಸರನ ಚಿತ್ರದ ವೃತ್ತಗಳೂ ಇಂಥ ಹೊಸೆದ ಹಗ್ಗದವೇ. ಹೊಸೆಯುವುದನ್ನು ನಮ್ಮ ಕಡೆಯ ಮಕ್ಕಳಿಗೆ ಕಲಿಸುವ ಕಷ್ಟವಿಲ್ಲ.

2. ದೊಡ್ಡದು ಬೇಕೆಂದರೆ ಸಿಮೆಂಟ್ ನೆಲ ಹುಡುಕಿ. ಆ ಬೂದು ಬಣ್ಣದ ಮೇಲೆ ಇದ್ದಿಲೂ ಎದ್ದು ಕಾಣುತ್ತದೆ, ರಂಗೋಲಿ ಪುಡಿಯೂ ಎದ್ದು ಕಾಣುತ್ತದೆ. ನಡುವೆ ಒಬ್ಬ ಹುಡುಗ ದಾರದ ತುದಿ ಒತ್ತಿ ಹಿಡಿದು ಕೂರಲಿ, ಇನ್ನೊಬ್ಬ ಸೀಮೆಸುಣ್ಣ ಕಟ್ಟಿದ ತುದಿ ಹಿಡಿದು ಸುತ್ತಲಿ. ದಾರ ಸಡಿಲಾದರೆ ವೃತ್ತವೇ ಸೊಟ್ಟ. ಆಮೇಲೆ ಯಾರೂ ನಿಮ್ಮ ಮಾತು ನಂಬುವುದಿಲ್ಲ.

3. ಎಲ್ಲ ಇರುವುದು ಓರೆಯಲ್ಲಿ. ವೃತ್ತದ ಗೆರೆಯುದ್ದಕ್ಕೂ ಕರಿ, ಬಿಳಿ, ಕರಿ, ಬಿಳಿ ಎಂದು ಗಿಡ್ಡ ತುಂಡುಗಳನ್ನು ತುಂಬಿ. ಪ್ರತಿಯೊಂದೂ ಗೆರೆಗೆ ಸುಮಾರು ಹದಿನೈದು ಡಿಗ್ರಿ ಓರೆ, ಎಲ್ಲವೂ ಒಂದೇ ದಿಕ್ಕಿಗೆ. ಕಣ್ಣಂದಾಜು ಬೇಡ. ಹಳೆಯ ಕ್ಯಾಲೆಂಡರಿನ ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಳ್ಳಿ. ಓರೆ ಜಾಸ್ತಿಯಾದರೆ ತುಂಡುಗಳು ಗರಗಸದ ಹಲ್ಲಿನಂತೆ ಬಿಡಿಬಿಡಿಯಾಗಿ ನಿಲ್ಲುತ್ತವೆ, ಸುರುಳಿ ಹುಟ್ಟುವುದಿಲ್ಲ. ವೃತ್ತಗಳ ಹಿನ್ನೆಲೆಯಲ್ಲೂ ಅದೇ ವಾಲಿಕೆಯ ಚೌಕುಳಿ ಹಾಕಿದರೆ ಮಾಯೆ ಇನ್ನೂ ಬಲವಾಗುತ್ತದೆ.

4. ವಿವರಣೆ ಕೊಡುವ ಮುಂಚೆ ನಡೆಸಿ. “ಸಾರ್, ಇದು ಒಳಗ ಹೊಂಟೈತ್ರಿ” ಎಂದವರನ್ನೇ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಜೋಡಿಸಿ ನಡೆಯಲು ಹೇಳಿ. ಹೊರಟಲ್ಲಿಗೇ ಬಂದು ನಿಲ್ಲುತ್ತಾರೆ. ತಲೆ ಎತ್ತಿ ನೋಡಿದರೆ ಮತ್ತೆ ಸುರುಳಿಯೇ! ತಿಳಿದ ಮೇಲೂ ಅದು ಹೋಗುವುದಿಲ್ಲ.

5. “ಕಣ್ಣು ಮೋಸ ಮಾಡುತ್ತದೆ” ಎಂದು ಹೇಳಿ ಮುಗಿಸಬೇಡಿ. ತುಂಡುಗಳು ನಿಜವಾಗಿಯೂ ಓರೆಯಾಗಿವೆಯಲ್ಲ, ಕಣ್ಣು ಅದನ್ನೇ ವರದಿ ಮಾಡಿದೆ. ಮಿದುಳಿನಲ್ಲಿ ದೃಷ್ಟಿಯ ಭಾಗದ ಒಂದೊಂದು ಕೋಶವೂ ನೋಟದ ಸಣ್ಣ ತುಣುಕನ್ನಷ್ಟೇ ಗಮನಿಸಿ, ಅಲ್ಲಿನ ಗೆರೆ ಯಾವ ಕಡೆ ವಾಲಿದೆ ಎಂಬುದಕ್ಕೆ ಮಿಡಿಯುತ್ತದೆ. ಬೆಕ್ಕಿನ ಮಿದುಳಿನಲ್ಲಿ ಇದನ್ನು ಕಂಡು 1959ರಲ್ಲಿ ಪ್ರಕಟಿಸಿದವರು ಹ್ಯೂಬೆಲ್ ಮತ್ತು ವೀಸೆಲ್. 1981ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಆ ಚಿಕ್ಕ ಚಿಕ್ಕ ವಾಲಿಕೆಗಳನ್ನು ಜೋಡಿಸಿ ಇಡೀ ಆಕಾರ ಕಟ್ಟುವಾಗ ವೃತ್ತ ಒಳಕ್ಕೆ ಜಾರುತ್ತದೆ. ಒಂಬತ್ತನೇ ತರಗತಿಗೆ ಇಷ್ಟು ಸಾಕು.

6. ಒಂದು ವೃತ್ತ ಬಿಟ್ಟು ಒಂದಕ್ಕೆ ಓರೆಯ ದಿಕ್ಕು ತಿರುಗಿಸಿ ನೋಡಿ. ಸುರುಳಿ ಮಾಯವಾಗಿ, ವೃತ್ತಗಳು ಒಂದನ್ನೊಂದು ದಾಟಿ ಹೆಣೆದುಕೊಂಡಂತೆ ಕಾಣುತ್ತವೆ. ಇಟಲಿಯ ದೃಷ್ಟಿ ಸಂಶೋಧಕ ಪಿನ್ನಾ ಇಂಥ ಚಿತ್ರಗಳಿಗೆ ಹೆಸರಾದವರು.

7. ಸಾಧ್ಯವಾದರೆ ಹರಪನಹಳ್ಳಿ ತಾಲ್ಲೂಕಿನ ಬಾಗಳಿಗೆ ಕರೆದೊಯ್ಯಿರಿ. ಕಲ್ಲೇಶ್ವರ ಗುಡಿಯ ಕಂಬಗಳಲ್ಲಿ ತಿರುಗಣಿಯ ಕಡೆತದ ಉಂಗುರಗಳು ಒಂದರ ಮೇಲೊಂದು ಕೂತಿವೆ. ಅಂಚುಗಳಲ್ಲಿ ಓರೆ ತುಂಡುಗಳಿಲ್ಲ, ಹಾಗಾಗಿ ಉಂಗುರ ಉಂಗುರವಾಗಿಯೇ ಕಾಣುತ್ತದೆ. ಹೊಸೆದ ಕರಿ-ಬಿಳಿ ಹಗ್ಗವನ್ನು ಜೇಬಿನಲ್ಲಿ ಒಯ್ದು ಒಂದು ಉಂಗುರದ ಸುತ್ತ ಹಿಡಿದು ತೋರಿಸಿ. ಕಲ್ಲಿಗೆ ಬಣ್ಣ, ಸುಣ್ಣ ತಾಗಿಸುವಂತಿಲ್ಲ ಎಂದು ಬಸ್ಸಿನಲ್ಲೇ ಹೇಳಿಬಿಡಿ.