ಕಾರಿಗೆ ಒಡವೆ ತೊಡಿಸುವ ಮುನ್ನ



ಮಕ್ಕಳ ಕೈಗೆ ಡ್ರೈವಿಂಗ್ ಲೈಸೆನ್ಸ್ ಬಂದ ವರ್ಷ ನಮ್ಮ ಮನೆಗಳಲ್ಲಿ ಎರಡು ಹೊಸ ಮಾತು ಕೇಳಿಬರುತ್ತವೆ. ಒಂದು, "ಕಾರಿನ ಕೀ ಎಲ್ಲಿ?" ಇನ್ನೊಂದು, "ಅಪ್ಪಾ, ಇದನ್ನ ಸ್ವಲ್ಪ ಮಾಡಿಫೈ ಮಾಡಿಸೋಣ್ವಾ?" ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ನಾನು ಯೋಚಿಸದೆ "ಬೇಡ" ಎಂದೆ. ಮಗರಾಯ ಬೇಸಿಗೆ ರಜೆಯಲ್ಲಿ ದುಡಿದ ಹಣದಿಂದ, ನನಗೆ ಹೇಳದೆ, ಎಂಜಿನ್ನಿಗೆ ಹೆಚ್ಚು ಗಾಳಿ ಎಳೆಯುವ 'ಕೋಲ್ಡ್ ಏರ್ ಇನ್‌ಟೇಕ್' ತಂದು ಹಾಕಿಯೇಬಿಟ್ಟ. ಸದ್ದು ಜೋರಾಯಿತು. ವೇಗ ಹೆಚ್ಚಿತೆಂದು ಅವನೊಬ್ಬನಿಗೇ ಅನಿಸಿತು!

ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಹಳೆಯ ಕಾರುಗಳಿಗೆ ಇಲ್ಲಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್ ಆಗಬೇಕು. ಕಂಪ್ಯೂಟರ್ ತಪಾಸಣೆಯಲ್ಲಿ ನಮ್ಮ ಕಾರು ಪಾಸಾಯಿತು, ಕಣ್ಣಿನ ತಪಾಸಣೆಯಲ್ಲಿ ಫೇಲ್. ಇಂಥ ಬಿಡಿಭಾಗಗಳಿಗೆ ರಾಜ್ಯದ ಏರ್ ರಿಸೋರ್ಸಸ್ ಬೋರ್ಡ್ ಕೊಡುವ 'ಎಕ್ಸಿಕ್ಯುಟಿವ್ ಆರ್ಡರ್' ಸಂಖ್ಯೆ ಇರಬೇಕು. ಅಗ್ಗಕ್ಕೆ ಸಿಕ್ಕ ಆ ಭಾಗಕ್ಕೆ ಅದಿರಲಿಲ್ಲ. ಖಾಲಿ ಡಬ್ಬವನ್ನೂ ಎಸೆಯದ ನನ್ನ ಶ್ರೀಮತಿ ಹಳೆಯ ಇನ್‌ಟೇಕನ್ನು ಗರಾಜಿನಲ್ಲಿ ಎತ್ತಿಟ್ಟಿದ್ದರಿಂದ ಬಚಾವಾದೆವು. ಅಂದು ರಾತ್ರಿ ಅಪ್ಪ ಮಗ ಇಬ್ಬರೂ ಊಟದ ಮೇಜಿನ ಮೇಲೆ ಕಾಗದ, ಪೆನ್ಸಿಲ್ ಇಟ್ಟುಕೊಂಡು ಕೂತೆವು. ಅಲ್ಲಿ ಕಲಿತದ್ದೇ ಈ ತಿಂಗಳ ಪಾಠ.

ಪಾಠ 1: ಒಳ್ಳೆಯ ಬದಲಾವಣೆಯೂ ಇದೆ

ಮಾಡಿಫಿಕೇಶನ್ ಎಂದರೆ ಬರೀ ಶೋಕಿ ಅಲ್ಲ. ಹಿಮ ಬೀಳುವ ಊರಿನಲ್ಲಿ ಚಳಿಗಾಲದ ಟೈರ್ ಹಾಕುವುದು ಪ್ರಾಣ ಉಳಿಸುವ ಕೆಲಸ. ಅಮೆರಿಕದಲ್ಲಿ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯವಾದದ್ದು 2018ರ ಮೇ ತಿಂಗಳಲ್ಲಿ. ಅದಕ್ಕಿಂತ ಹಳೆಯ ಕಾರಿಗೆ ಒಂದನ್ನು ಕೂಡಿಸಿದರೆ, ಡ್ರೈವ್‌ವೇಯಲ್ಲಿ ಆಡುವ ಪುಟ್ಟ ಮಕ್ಕಳಿರುವ ಮನೆಗೆ ನಿಜವಾದ ಲಾಭ. ಕಾಲಿಗೆ ಬಲವಿಲ್ಲದವರು ಕೈಯಿಂದಲೇ ಬ್ರೇಕ್ ಮತ್ತು ವೇಗ ನಿಯಂತ್ರಿಸುವ ವ್ಯವಸ್ಥೆಯೂ ಮಾಡಿಫಿಕೇಶನ್ನೇ.

ಪಾಠ 2: ಟೈರಿನ ಲೆಕ್ಕ

ಮಗನಿಗೆ 17 ಇಂಚಿನ ಚಕ್ರ ಬೇಕಿತ್ತು. ನಮ್ಮ ಕಾರಿನದು 195/65 ಆರ್ 15. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. ಮೂರನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಹಾಗಾದರೆ ಒಟ್ಟು ವ್ಯಾಸ: 381 + (2 × 126.75) = 634.5 ಮಿ.ಮೀ.

225/45 ಆರ್ 17 ಹಾಕಿದರೆ 634.3 ಮಿ.ಮೀ., ಹೆಚ್ಚುಕಮ್ಮಿ ಅಷ್ಟೇ. ಆದರೆ 225/55 ಆರ್ 17 ಹಾಕಿದರೆ 679.3 ಮಿ.ಮೀ. ಆಗ ಸ್ಪೀಡೋಮೀಟರ್ 60 ಮೈಲಿ ತೋರಿಸುವಾಗ ಕಾರು ಓಡುವುದು ಸುಮಾರು 64ರಲ್ಲಿ! ವ್ಯಾಸ ಸರಿಹೊಂದಿದ ಟೈರಿನಲ್ಲೂ ಪಕ್ಕದ ಗೋಡೆ 127 ಮಿ.ಮೀ.ನಿಂದ 101ಕ್ಕೆ ಇಳಿಯುತ್ತದೆ. ತಿರುವಿನಲ್ಲಿ ಹಿಡಿತ ಚೆನ್ನ, ಗುಂಡಿ ಸಿಕ್ಕಲ್ಲಿ ರಿಮ್ಮಿಗೆ ಪೆಟ್ಟು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದು ಎಂದರೆ ಇದೇ.

ಪಾಠ 3: ಒಂದನ್ನು ಮುಟ್ಟಿದರೆ ನಾಲ್ಕು ಅಲುಗುತ್ತವೆ

ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸಿದರೆ ಚಕ್ರದ ಓರೆ ಬದಲಾಗಿ ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಹೆಡ್‌ಲೈಟಿನ ಗುರಿ ತಪ್ಪುತ್ತದೆ. ಕ್ಯಾಮೆರಾ, ರೇಡಾರ್ ಇರುವ ಹೊಸ ಕಾರುಗಳಲ್ಲಿ ಅವನ್ನೂ ಮತ್ತೆ ಹೊಂದಿಸಬೇಕಾಗಬಹುದು. ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ದೀಪದೊಳಗೆ ಬೇರೆ ಬಗೆಯ ಪ್ರಖರ ಬಲ್ಬ್ ತೂರಿಸಿದರೆ ಬೆಳಕು ರಸ್ತೆಗೆ ಬೀಳುವ ಬದಲು ಎದುರಿನವರ ಕಣ್ಣಿಗೆ ಚೆಲ್ಲುತ್ತದೆ. ಚೆಂದದ ಸೀಟ್ ಕವರ್ ಕೂಡ, ಸೀಟಿನ ಪಕ್ಕದಿಂದ ಬಿಚ್ಚಿಕೊಳ್ಳಬೇಕಾದ ಏರ್‌ಬ್ಯಾಗಿಗೆ ಅಡ್ಡ ಬರಬಹುದು. ಕೊಳ್ಳುವ ಮುನ್ನ ಓನರ್ಸ್ ಮ್ಯಾನ್ಯುಯಲ್ ನೋಡಿ.

ಪಾಠ 4: ಕಾನೂನು, ವಾರಂಟಿ, ವಿಮೆ

ಹೊಗೆ ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರನ್ನು ಕಿತ್ತು ಹಾಕುವುದು ಅಮೆರಿಕದ ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ಅಪರಾಧ. ಕ್ಯಾಲಿಫೋರ್ನಿಯಾದಲ್ಲಿ ಮುಂದಿನ ಪಕ್ಕದ ಕಿಟಕಿಗಳು ಕನಿಷ್ಠ ಶೇ. 70 ಬೆಳಕು ಒಳಬಿಡಬೇಕು. ಇಲ್ಲೊಂದು ಗಣಿತದ ಬಲೆ ಇದೆ: ಗಾಜು ಶೇ. 80 ಬಿಟ್ಟು, ಅದರ ಮೇಲಿನ ಫಿಲ್ಮ್ ಶೇ. 80 ಬಿಟ್ಟರೆ, ಒಟ್ಟು ಬರುವುದು ಶೇ. 64. ಅಲ್ಲಿಗೆ ದಂಡ!

"ಏನಾದರೂ ಬದಲಿಸಿದರೆ ವಾರಂಟಿ ಹೋಯಿತು" ಎಂಬ ಮಾತು ಪೂರ್ತಿ ನಿಜವಲ್ಲ. 1975ರ ಮ್ಯಾಗ್ನಸನ್-ಮಾಸ್ ಕಾಯಿದೆಯಂತೆ, ಹೊರಗಿನ ಭಾಗ ಹಾಕಿದ್ದೀರಿ ಎಂಬ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸುವಂತಿಲ್ಲ. ಆ ಭಾಗದಿಂದಲೇ ಕೆಟ್ಟಿತು ಎಂದಾದರೆ ಮಾತ್ರ ಖರ್ಚು ನಿಮ್ಮದು. ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಶಕ್ತಿ ಹೆಚ್ಚಿಸಿದವರಿಗೆ ಈ ಅಪಾಯ ಜಾಸ್ತಿ. ವಿಮೆಯವರಿಗಂತೂ ಮೊದಲೇ ತಿಳಿಸಿ. ಹಲವು ಪಾಲಿಸಿಗಳಲ್ಲಿ ಕೂಡಿಸಿದ ಭಾಗಗಳಿಗೆ ಸಿಗುವ ಪರಿಹಾರಕ್ಕೆ ಮಿತಿ ಇರುತ್ತದೆ. ಮುಚ್ಚಿಟ್ಟರೆ ಕ್ಲೇಮಿಗೇ ತೊಂದರೆ.

ಊರಿಗೆ ಹೋದಾಗ ತಂದೆ ತಾಯಿಗೆ ಕಾರು ಕೊಡಿಸುವವರೂ ಗಮನಿಸಿ. ಭಾರತದಲ್ಲಿ ಕಟ್ಟು ಇನ್ನೂ ಬಿಗಿ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಪ್ಪಿಗೆ ಪಡೆದ ಸಿ.ಎನ್.ಜಿ. ಕಿಟ್, ಅಂಗವಿಕಲರಿಗೆ ಬೇಕಾದ ಮಾರ್ಪಾಡುಗಳಿಗೆ ಅವಕಾಶವಿದೆ. ಮುಂದುಗಡೆ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಹಾಕುವುದರ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ಅದು ನೋಡಲು ಗಟ್ಟಿಮುಟ್ಟು. ಆದರೆ ಡಿಕ್ಕಿಯಲ್ಲಿ ತಾನು ನಜ್ಜುಗುಜ್ಜಾಗಿ ಪೆಟ್ಟು ತಡೆಯಬೇಕಾದ ಕಾರಿನ ಮುಂಭಾಗಕ್ಕೆ ಅಡ್ಡಿ, ಪಾದಚಾರಿಗಳಿಗೆ ಅಪಾಯ.

ಮನೆಗೆಲಸ

ದುಡ್ಡು ಕೊಡುವ ಮುನ್ನ ಮಕ್ಕಳೊಂದಿಗೆ ಕೂತು ಈ ಐದು ಪ್ರಶ್ನೆಗೆ ಉತ್ತರ ಬರೆಯಿರಿ:

1. ಇದರಿಂದ ಸುರಕ್ಷತೆಯೇ, ಅನುಕೂಲವೇ, ಬರೀ ಸದ್ದೇ?
2. ನಮ್ಮ ರಾಜ್ಯದಲ್ಲಿ, ದೇಶದಲ್ಲಿ ಇದು ಸಮ್ಮತವೇ?
3. ವಿಮೆಯವರು ಏನನ್ನುತ್ತಾರೆ?
4. ಹಳೆಯ ಭಾಗವನ್ನು ಮತ್ತೆ ಕೂಡಿಸಬಹುದೇ?
5. ಮಾರುವಾಗ ಈ ಹಣ ವಾಪಸ್ ಬರುತ್ತದೆಯೇ? (ಸಾಮಾನ್ಯವಾಗಿ ಬರುವುದಿಲ್ಲ.)

ನಮ್ಮ ಮಗ 17 ಇಂಚಿನ ಚಕ್ರದ ಆಸೆ ಬಿಟ್ಟ. ಕಾರು ರಸ್ತೆಯನ್ನು ಮುಟ್ಟುವುದು ಅಂಗೈಯಷ್ಟಗಲದ ನಾಲ್ಕೇ ಜಾಗದಲ್ಲಿ ಎಂದು ಗೊತ್ತಾದ ಮೇಲೆ ಒಳ್ಳೆಯ ಟೈರು, ಬ್ರೇಕ್ ಪ್ಯಾಡು, ಒಂದು ಹಿಂಬದಿ ಕ್ಯಾಮೆರಾ ಆರಿಸಿಕೊಂಡ. ಅರ್ಧ ಹಣ ನಾನು ಹಾಕಿದೆ. ಕ್ಯಾಮೆರಾದ ತಂತಿಯನ್ನು ಒಂದು ಶನಿವಾರ ಇಬ್ಬರೂ ಸೇರಿ ಎಳೆದೆವು. ಅವನು ಹೇಳಿಕೊಟ್ಟ, ನಾನು ಟಾರ್ಚ್ ಹಿಡಿದೆ. ಮೊದಲೇ "ಬೇಡ" ಎನ್ನುವ ಬದಲು "ಯಾಕೆ ಬೇಕು?" ಎಂದು ಕೇಳಿದ್ದರೆ ಒಂದು ಇನ್‌ಟೇಕಿನ ಹಣ ಉಳಿಯುತ್ತಿತ್ತು.

ನಿಮ್ಮ ಅನುಭವಗಳನ್ನೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.

ಇಂತಿ ನಿಮ್ಮವ,
ಸಂಘದ ಒಬ್ಬ ಸದಸ್ಯ