ಕೋಟು ಕೂಡ ವಾದ ಮಾಡುತ್ತದೆಯೇ?

ವಕೀಲರಿಗೆ ಮಾತು ಮುಖ್ಯವೋ ಬಟ್ಟೆ ಮುಖ್ಯವೋ ಎಂದು ಕೇಳಿದರೆ ನಾವೆಲ್ಲ ಮಾತು ಎಂದೇ ಹೇಳುತ್ತೇವೆ. ಆದರೆ ಬಟ್ಟೆಗೆ ಏನೂ ಬೆಲೆ ಇಲ್ಲದಿದ್ದರೆ ನ್ಯಾಯಾಲಯಗಳು ಅದರ ಬಗ್ಗೆ ಇಷ್ಟೊಂದು ನಿಯಮ ಏಕೆ ಮಾಡಿವೆ? ಪಿಯುಸಿ ಮುಗಿದ ಮೇಲೆ ಕಾನೂನು ಓದಬೇಕೆಂಬ ಆಸೆ ನನಗಿದೆ. ಹಾಗಾಗಿ ಈ ವಿಷಯವನ್ನು ಹುಡುಕಿ ಓದಿದೆ. ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಜ್ಯೂರಿ ಎಂದರೆ ಯಾರು?

ಅಮೆರಿಕದಲ್ಲಿ ದೊಡ್ಡ ಕ್ರಿಮಿನಲ್ ಪ್ರಕರಣ ವಿಚಾರಣೆಗೆ ಬಂದಾಗ ಆರೋಪಿ ತಪ್ಪಿತಸ್ಥನೇ ಅಲ್ಲವೇ ಎಂದು ಸಾಮಾನ್ಯವಾಗಿ ಜ್ಯೂರಿ ಹೇಳುತ್ತದೆ. ಹೆಚ್ಚಾಗಿ ಅದರಲ್ಲಿ 12 ಜನ ಇರುತ್ತಾರೆ. ಅವರು ಕಾನೂನು ಓದಿದವರೇ ಆಗಬೇಕಿಲ್ಲ. ಅಂಗಡಿಯವರು, ಶಿಕ್ಷಕರು, ಡ್ರೈವರ್‌ಗಳು, ಗೃಹಿಣಿಯರು, ಯಾರು ಬೇಕಾದರೂ ಇರಬಹುದು. ವಿಚಾರಣೆ ನಡೆಯುವಾಗ ಅವರು ವಕೀಲರ ಜೊತೆ ಪ್ರಕರಣದ ಬಗ್ಗೆ ಮಾತನಾಡುವಂತಿಲ್ಲ. ಸುಮ್ಮನೆ ಕುಳಿತು ನೋಡಬೇಕು, ಕೇಳಬೇಕು. ವಕೀಲರ ಮಾತು ಸಾಕ್ಷ್ಯವಲ್ಲ, ಸಾಕ್ಷ್ಯ ನೋಡಿ ಮಾತ್ರ ನಿರ್ಧರಿಸಿ ಎಂದು ನ್ಯಾಯಾಧೀಶರು ಹೇಳುತ್ತಾರೆ. ಆದರೂ ದಿನಗಟ್ಟಲೆ ಎದುರಿಗೇ ನಿಲ್ಲುವ ವ್ಯಕ್ತಿಯ ಕೋಟು, ಬೂಟು, ವಾಚು ಕಣ್ಣಿಗೆ ಬೀಳದೆ ಇರುವುದಿಲ್ಲ.

ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರಿದೆ, ಹಾಲೋ ಎಫೆಕ್ಟ್. ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞರು 1920ರಲ್ಲಿ ಈ ಬಗ್ಗೆ ಬರೆದರು. ಸೇನಾ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ದೇಹದಾರ್ಢ್ಯ, ಬುದ್ಧಿ, ನಾಯಕತ್ವ, ನಡತೆ ಎಂದು ಬೇರೆ ಬೇರೆ ಅಂಕ ಕೊಡಬೇಕಿತ್ತು. ಆದರೆ ಒಂದರಲ್ಲಿ ಒಳ್ಳೆಯ ಅಂಕ ಪಡೆದವರಿಗೆ ಉಳಿದವುಗಳಲ್ಲೂ ಒಳ್ಳೆಯ ಅಂಕವೇ ಬಿದ್ದಿತ್ತು. ಅಂದರೆ ಒಂದು ಗುಣ ಕಂಡು ನಾವು ಕಾಣದ ಗುಣಗಳನ್ನೂ ಊಹಿಸಿಕೊಳ್ಳುತ್ತೇವೆ. ಅಚ್ಚುಕಟ್ಟಾಗಿ ಬಟ್ಟೆ ಹಾಕಿದವರು ಕೇಸನ್ನೂ ಅಚ್ಚುಕಟ್ಟಾಗಿ ತಯಾರಿಸಿರುತ್ತಾರೆ ಎಂದು ಅನಿಸುವುದು ಹೀಗೆಯೇ.

ಇಬ್ಬರು ವಕೀಲರು

ಹಾಗಾದರೆ ದುಬಾರಿ ಸೂಟು ಹಾಕಿದವರೇ ಗೆಲ್ಲುತ್ತಾರೆಯೇ? ಇಲ್ಲ. 1925ರಲ್ಲಿ ಟೆನೆಸ್ಸಿಯ ಡೇಟನ್ ಎಂಬ ಊರಿನಲ್ಲಿ, ವಿಕಾಸವಾದ ಕಲಿಸಿದ ಶಿಕ್ಷಕರ ವಿಚಾರಣೆ ನಡೆಯಿತು. ಸುಡುವ ಸೆಕೆಯಲ್ಲಿ ಪ್ರಸಿದ್ಧ ವಕೀಲ ಕ್ಲಾರೆನ್ಸ್ ಡ್ಯಾರೋ ಕೋಟು ಬಿಚ್ಚಿ, ಬರೀ ಷರ್ಟು ಮತ್ತು ಸಸ್ಪೆಂಡರ್‌ನಲ್ಲಿ ನಿಂತು ವಾದಿಸಿದರು. ವ್ಯೋಮಿಂಗ್ ರಾಜ್ಯದ ಗೆರಿ ಸ್ಪೆನ್ಸ್ ಜಿಂಕೆ ಚರ್ಮದ, ಜಾಲರಿ ಇಳಿಬಿಟ್ಟ ಜಾಕೆಟ್ಟಿಗೆ ಹೆಸರಾದವರು. 1979ರಲ್ಲಿ ಕ್ಯಾರೆನ್ ಸಿಲ್ಕ್‌ವುಡ್ ಪ್ರಕರಣದಲ್ಲಿ ದೊಡ್ಡ ಕಂಪನಿಯ ವಿರುದ್ಧ ವಾದಿಸಿದಾಗ, ಜ್ಯೂರಿ 1 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಡಿಸಿತು. ಮೇಲ್ಮನವಿಗಳಾದ ಮೇಲೆ 1986ರಲ್ಲಿ ಅದು 13.8 ಲಕ್ಷ ಡಾಲರಿಗೆ ರಾಜಿಯಾಯಿತು ಎಂಬುದು ಬೇರೆ ಮಾತು.

ಇಬ್ಬರ ಉಡುಪೂ ಅವರವರ ಮಾತಿನ ಧಾಟಿಗೆ ಹೊಂದುತ್ತಿತ್ತು. ಸಾಮಾನ್ಯ ಜನರ ಪರ ಮಾತನಾಡುವವರು ಸಾಮಾನ್ಯರಂತೆ ಕಂಡರೆ ಮಾತು ನಂಬಲು ಸುಲಭ. ಹಾಗೆಂದು ಬಟ್ಟೆಯೇ ಕೇಸು ಗೆಲ್ಲಿಸುವುದಿಲ್ಲ. ಡೇಟನ್‌ನಲ್ಲಿ ಜ್ಯೂರಿ ಶಿಕ್ಷಕರನ್ನು ತಪ್ಪಿತಸ್ಥರೆಂದೇ ಹೇಳಿತು. ಮೇಲ್ಮನವಿಗೆ ದಾರಿಯಾಗಲೆಂದು ಡ್ಯಾರೋ ಅವರೇ ಆ ತೀರ್ಪನ್ನು ಕೇಳಿದ್ದರು.

ನ್ಯಾಯಾಲಯ ಒಪ್ಪಿಕೊಂಡ ಸತ್ಯ

ಬಟ್ಟೆ ಮನಸ್ಸನ್ನು ತಿರುಗಿಸಬಲ್ಲದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲಿ ಎಸ್ಟೆಲ್ ವಿರುದ್ಧ ವಿಲಿಯಮ್ಸ್ ಪ್ರಕರಣದಲ್ಲಿ ಒಪ್ಪಿಕೊಂಡಿತು. ಆರೋಪಿಯನ್ನು ಜೈಲಿನ ಬಟ್ಟೆಯಲ್ಲೇ ಜ್ಯೂರಿಯ ಮುಂದೆ ನಿಲ್ಲುವಂತೆ ಸರ್ಕಾರ ಬಲವಂತ ಮಾಡಬಾರದು ಎಂದಿತು. ಅಪರಾಧ ಸಾಬೀತಾಗುವ ಮೊದಲೇ ಆ ಬಟ್ಟೆ ಅವನನ್ನು ಅಪರಾಧಿಯಂತೆ ತೋರಿಸುತ್ತದೆ. ಆದರೆ ಆ ಆರೋಪಿಯ ಕಡೆಯವರು ನ್ಯಾಯಾಧೀಶರ ಮುಂದೆ ಆಕ್ಷೇಪ ಎತ್ತಿರಲಿಲ್ಲ. ಆದ್ದರಿಂದ ಅವನಿಗೆ ಆ ತೀರ್ಪಿನಿಂದ ಪ್ರಯೋಜನವಾಗಲಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಪ್ರಕರಣ, ಲಾ ರೊಕ್ಕಾ ವಿರುದ್ಧ ಲೇನ್. ನ್ಯೂಯಾರ್ಕಿನಲ್ಲಿ ಒಬ್ಬ ಕ್ಯಾಥೊಲಿಕ್ ಪಾದ್ರಿ ವಕೀಲರೂ ಆಗಿದ್ದರು. ಪಾದ್ರಿಯ ಕಾಲರ್ ಹಾಕಿಕೊಂಡೇ ಜ್ಯೂರಿಯ ಮುಂದೆ ವಾದಿಸಬೇಕೆಂದರು. ನ್ಯಾಯಾಧೀಶರು ಬೇಡವೆಂದರು. 1975ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯವೂ ನ್ಯಾಯಾಧೀಶರ ಮಾತನ್ನೇ ಎತ್ತಿಹಿಡಿಯಿತು. ಕಾಲರ್ ನೋಡಿ ಜ್ಯೂರಿಯಲ್ಲಿ ಕೆಲವರು ಹೆಚ್ಚು ನಂಬಬಹುದು, ಕೆಲವರು ದ್ವೇಷಿಸಬಹುದು, ಎರಡೂ ನ್ಯಾಯಕ್ಕೆ ಅಡ್ಡಿ ಎಂಬುದು ಕಾರಣ.

ನಾನು ಸ್ಕಾರ್ಫ್ ಕಟ್ಟುವ ಹುಡುಗಿ. ಹಾಗಾಗಿ ಈ ತೀರ್ಪನ್ನು ಎರಡು ಸಲ ಓದಿದೆ. ಅದರ ಒಂದು ಭಾಗ ನನಗೆ ಒಪ್ಪಿಗೆ. ನ್ಯಾಯಾಲಯದಲ್ಲಿ ಮೊದಲ ಹಕ್ಕು ಆರೋಪಿಯದು ಮತ್ತು ನೊಂದವರದು, ವಕೀಲರದಲ್ಲ. ಆದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಪೂರ್ವಗ್ರಹ ಇರುವುದು ನೋಡುವವರ ಮನಸ್ಸಿನಲ್ಲಿ. ಹಾಗಿರುವಾಗ ಪ್ರತಿ ಸಲವೂ ಬದಲಾಗಬೇಕಾದವರು ಉಟ್ಟವರೇ ಏಕೆ? ಜ್ಯೂರಿಯನ್ನು ಆರಿಸುವಾಗಲೇ ಅವರನ್ನು ಪ್ರಶ್ನಿಸುವ ಪದ್ಧತಿ ಅಮೆರಿಕದಲ್ಲಿದೆ. ವಕೀಲರ ಉಡುಪು ನಿಮ್ಮ ನಿರ್ಧಾರಕ್ಕೆ ಅಡ್ಡಿಯಾಗುತ್ತದೆಯೇ ಎಂದು ಆಗಲೇ ಕೇಳಬಹುದಲ್ಲ? ಅಮ್ಮಿ ಆಗಾಗ ಹೇಳುವ ಉರ್ದು ಗಾದೆ, ಜೈಸಾ ದೇಸ್ ವೈಸಾ ಭೇಸ್. ಕನ್ನಡದಲ್ಲಿ, ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ಎರಡೂ ಉಡುವವರಿಗೇ ಬುದ್ಧಿ ಹೇಳುತ್ತವೆ. ನೋಡುವವರಿಗೂ ಒಂದು ಗಾದೆ ಬೇಕು ಎನಿಸುತ್ತದೆ.

ನಮ್ಮ ದೇಶದಲ್ಲಿ

ಭಾರತದಲ್ಲೂ ಜ್ಯೂರಿ ಇತ್ತು. 1959ರ ನಾನಾವತಿ ಪ್ರಕರಣದಲ್ಲಿ ಆರೋಪಿ ನೌಕಾಪಡೆಯ ಅಧಿಕಾರಿ. ಬಿಳಿ ಸಮವಸ್ತ್ರದಲ್ಲೇ ನ್ಯಾಯಾಲಯಕ್ಕೆ ಬಂದಿದ್ದರು. ಬೊಂಬಾಯಿಯ ಜ್ಯೂರಿ 8-1ರಲ್ಲಿ ನಿರ್ದೋಷಿ ಎಂದಿತು. ಸಮವಸ್ತ್ರದಿಂದಲೇ ಹಾಗಾಯಿತೆಂದು ಯಾರೂ ಹೇಳಲಾಗದು. ಹೈಕೋರ್ಟ್ ಆ ತೀರ್ಪನ್ನು ಒಪ್ಪದೆ ಶಿಕ್ಷೆ ವಿಧಿಸಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ.

ನಮ್ಮ ವಕೀಲರಿಗೆ ಬಾರ್ ಕೌನ್ಸಿಲ್ ನಿಯಮದಂತೆ ಕಪ್ಪು ಕೋಟು, ಕುತ್ತಿಗೆಗೆ ಬಿಳಿ ಬ್ಯಾಂಡ್. ಮಹಿಳೆಯರಿಗೆ ಸೀರೆ, ಸಲ್ವಾರ್ ಕುರ್ತಾ, ಚೂಡಿದಾರ್ ಹೀಗೆ ಆಯ್ಕೆಗಳಿವೆ, ದುಪಟ್ಟಾ ಹಾಕಬಹುದು, ಬಿಡಬಹುದು. ಇದು ನನಗೆ ಇಷ್ಟವಾಯಿತು. ದೊಡ್ಡ ಫೀಸಿನ ವಕೀಲರೂ ನಿನ್ನೆ ಸನ್ನದು ಪಡೆದವರೂ ಒಂದೇ ಬಣ್ಣದಲ್ಲಿ ನಿಲ್ಲುತ್ತಾರೆ. ಜೊತೆಗೆ, ಒಂದೇ ನಿಯಮದೊಳಗೆ ಬೇರೆ ಬೇರೆ ಉಡುಪಿಗೆ ಜಾಗ ಇಡಬಹುದೆಂದೂ ಇದು ತೋರಿಸುತ್ತದೆ.

ವಾಣಿಜ್ಯ ವಿದ್ಯಾರ್ಥಿಗಳಿಗೆ ವಿಂಡೋ ಡ್ರೆಸಿಂಗ್ ಎಂಬ ಪದ ಗೊತ್ತು. ಕಂಪನಿಯ ಲೆಕ್ಕಪತ್ರವನ್ನು ಇರುವುದಕ್ಕಿಂತ ಚೆನ್ನಾಗಿ ಕಾಣುವಂತೆ ಸಿಂಗರಿಸುವುದು. ಅದಕ್ಕೇ ಆಡಿಟರ್ ಬ್ಯಾಲೆನ್ಸ್ ಶೀಟಿನ ಅಂದ ನೋಡಿ ಸಹಿ ಹಾಕುವುದಿಲ್ಲ, ವೋಚರ್ ಕೇಳುತ್ತಾರೆ. ನಾವು ಜ್ಯೂರಿಯಲ್ಲಿ ಕೂರದೆ ಇರಬಹುದು. ಆದರೆ ತರಗತಿಗೆ ಹೊಸಬರು ಬಂದಾಗ, ಸಂದರ್ಶನದಲ್ಲಿ, ಬಸ್ಸಿನಲ್ಲಿ ದಿನವೂ ಯಾರ ಬಗ್ಗೆಯೋ ತೀರ್ಪು ಕೊಡುತ್ತಲೇ ಇರುತ್ತೇವೆ. ನಾವು ಅಚ್ಚುಕಟ್ಟಾಗಿ ಉಡೋಣ, ಅದು ಎದುರಿನವರಿಗೆ ಕೊಡುವ ಮರ್ಯಾದೆ. ಇನ್ನೊಬ್ಬರನ್ನು ಅಳೆಯುವಾಗ ಮಾತ್ರ ಮೊದಲು ವೋಚರ್ ನೋಡೋಣ.