ಪದ ಪರಿಚಯ: ‘ಫ್ರಿಟರ್ ಅವೇ’

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಕೌಂಟೆನ್ಸಿಯ ಕೊನೆಯ ದೊಡ್ಡ ಲೆಕ್ಕವನ್ನು ನಾನು ಮುಟ್ಟಲೇ ಇಲ್ಲ. ಅದನ್ನು ಮನೆಯಲ್ಲಿ ಒಮ್ಮೆಯೂ ಮಾಡಿ ನೋಡಿರಲಿಲ್ಲ. ಉತ್ತರ ಪತ್ರಿಕೆ ಕೊಡುವಾಗ ಸರ್ ಬೈಯಲಿಲ್ಲ. ‘ಡೋಂಟ್ ಫ್ರಿಟರ್ ಅವೇ ಯುವರ್ ಟೈಮ್’ ಎಂದಷ್ಟೇ ಹೇಳಿದರು. ನನಗೆ ಗೊತ್ತಿದ್ದ ಫ್ರಿಟರ್ ಒಂದೇ. ಹೋಟೆಲಿನ ಮೆನು ಕಾರ್ಡಿನಲ್ಲಿರುವ ಬನಾನಾ ಫ್ರಿಟರ್, ಅಂದರೆ ಬಾಳೆಹಣ್ಣಿನ ಬಜ್ಜಿ! ಸಮಯಕ್ಕೂ ಬಜ್ಜಿಗೂ ಏನು ಸಂಬಂಧ? ಗ್ರಂಥಾಲಯಕ್ಕೆ ಹೋಗಿ ನಿಘಂಟು ತೆಗೆದೆ.

ಅರ್ಥ

ಎರಡಕ್ಕೂ ಸ್ಪೆಲ್ಲಿಂಗ್ ಒಂದೇ, ಆದರೆ ಮೂಲ ಬೇರೆ. ಬಜ್ಜಿ ಎಂಬ ಅರ್ಥದ ಪದ ‘ಕರಿಯುವುದು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫ್ರೆಂಚ್ ಮೂಲಕ ಬಂದದ್ದು. ಸಮಯದ ಜೊತೆ ಬರುವ ಕ್ರಿಯಾಪದ, ‘ಚೂರುಗಳು’ ಎಂಬ ಅರ್ಥವಿದ್ದು ಈಗ ಬಳಕೆ ತಪ್ಪಿರುವ ಒಂದು ಇಂಗ್ಲಿಷ್ ಪದದಿಂದ ಬಂದದ್ದು. ಆದ್ದರಿಂದ ‘ಫ್ರಿಟರ್ ಅವೇ’ ಎಂದರೆ ಸಮಯವನ್ನೋ ಹಣವನ್ನೋ ಚೂರು ಚೂರಾಗಿ, ಬೆಲೆಯಿಲ್ಲದ ವಿಷಯಗಳಿಗೆ ಕಳೆದುಬಿಡುವುದು.

‘ವೇಸ್ಟ್’ ಎಂಬ ಪದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಕೊಡ ಮಗುಚಿ ನೀರೆಲ್ಲ ಒಮ್ಮೆಗೇ ಚೆಲ್ಲಿದರೂ ವೇಸ್ಟ್, ನಲ್ಲಿ ತೊಟ್ಟಿಕ್ಕಿದರೂ ವೇಸ್ಟ್. ಫ್ರಿಟರ್ ಎನ್ನುವುದು ತೊಟ್ಟಿಕ್ಕುವ ನಲ್ಲಿಗೆ ಮಾತ್ರ. ಕನ್ನಡದಲ್ಲಿ ಕಾಲಹರಣ, ಪೋಲು ಎನ್ನುತ್ತೇವೆ. ಮನೆಯಲ್ಲಿ ಅಮ್ಮಿ ‘ವಕ್ತ್ ಝಾಯಾ ನಕ್ಕೋ ಕರ್’ ಎನ್ನುತ್ತಾರೆ. ಈ ಯಾವುದರಲ್ಲೂ ‘ಚೂರು ಚೂರಾಗಿ’ ಎಂಬ ಭಾವ ಇಲ್ಲ, ಅದನ್ನು ನಾವೇ ಸೇರಿಸಿ ಹೇಳಬೇಕು.

ಬಳಸುವ ಕ್ರಮ

1. ಈ ಅರ್ಥದಲ್ಲಿ ಸಾಮಾನ್ಯವಾಗಿ ‘ಅವೇ’ ಜೊತೆಗಿರುತ್ತದೆ: ‘ಶೀ ಫ್ರಿಟರ್ಡ್ ಅವೇ ದ ವೀಕೆಂಡ್.’
2. ಯಾವುದಕ್ಕಾಗಿ ಕಳೆದದ್ದು ಎಂದು ಹೇಳಲು ‘ಆನ್’ ಬಳಸಬೇಕು: ‘ಹೀ ಫ್ರಿಟರ್ಡ್ ಅವೇ ಹಿಸ್ ಪಾಕೆಟ್ ಮನಿ ಆನ್ ಸ್ನ್ಯಾಕ್ಸ್.’
3. ಅವಕಾಶಕ್ಕೂ ಬಳಸಬಹುದು. ಕ್ರಿಕೆಟ್ ತಂಡ ಒಳ್ಳೆಯ ಆರಂಭ ಪಡೆದು, ಆಮೇಲೆ ಒಂದೊಂದೇ ವಿಕೆಟ್ ಕಳೆದುಕೊಂಡರೆ ‘ಫ್ರಿಟರ್ಡ್ ಅವೇ ಎ ಗುಡ್ ಸ್ಟಾರ್ಟ್’ ಎನ್ನಬಹುದು.
4. ಇದು ಯಾವಾಗಲೂ ಆಕ್ಷೇಪಣೆಯ ಮಾತು. ದಣಿದು ಮಲಗಿದವರಿಗೆ, ನಮಗಾಗಿ ಕಾಯುತ್ತಾ ಕುಳಿತವರಿಗೆ ಈ ಪದ ಹೇಳಬಾರದು.

ನಾಲ್ಕನೆಯ ನಿಯಮ ನನಗೆ ನಿಘಂಟಿನಿಂದ ತಿಳಿಯಲಿಲ್ಲ, ಒಂದು ಭಾನುವಾರದ ಲೆಕ್ಕದಿಂದ ತಿಳಿಯಿತು.

ನನ್ನ ಪೆಟ್ಟಿ ಕ್ಯಾಷ್ ಬುಕ್

ಪ್ರಥಮ ಪಿಯುಸಿಯಲ್ಲಿ ನಾವು ಪೆಟ್ಟಿ ಕ್ಯಾಷ್ ಬುಕ್ ಕಲಿತಿದ್ದೇವೆ. ಅಂಚೆ ಚೀಟಿ, ಆಟೋ, ಚಹಾ ಮುಂತಾದ ಸಣ್ಣ ಖರ್ಚುಗಳಿಗೆ ಬೇರೆಯೇ ಪುಸ್ತಕ. ಸಣ್ಣದೆಂದು ಬಿಟ್ಟರೆ ತಿಂಗಳ ಕೊನೆಗೆ ದುಡ್ಡು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದು. ದಿನಕ್ಕೆ ಸಿಗುವ 1,440 ನಿಮಿಷಗಳಿಗೂ ಹೀಗೆಯೇ ಲೆಕ್ಕ ಬರೆದರೆ ಹೇಗೆ ಎಂದು ಆ ದಿನ ‘ಪೋಲು’ ಎಂಬ ಅಂಕಣದಲ್ಲಿ ಬರೆದೆ:

ರೀಲ್ಸ್, 9 ಬಾರಿ: 70 ನಿಮಿಷ
ವಾಟ್ಸಾಪ್ ಸ್ಟೇಟಸ್: 25 ನಿಮಿಷ
ಓದುವ ಟೈಮ್‌ಟೇಬಲಿಗೆ ಬಣ್ಣ ಹಚ್ಚಿದ್ದು: 20 ನಿಮಿಷ
ಪೆನ್ನು, ಸ್ಕೇಲು ಹುಡುಕಿದ್ದು: 15 ನಿಮಿಷ
ದಾದಿಮಾಗೆ ಕಣ್ಣಿನ ಡ್ರಾಪ್ಸ್ ಹಾಕಿ ಜೊತೆಗೆ ಕುಳಿತದ್ದು: 30 ನಿಮಿಷ

ಒಟ್ಟು 160 ನಿಮಿಷ. ರಾತ್ರಿ ಅಬ್ಬು ಪುಸ್ತಕ ನೋಡಿದರು. ಅಂಗಡಿ ಲೆಕ್ಕ ಬರೆಯುವವರಲ್ಲವೇ, ಕಣ್ಣು ನೇರ ಕೊನೆಯ ಸಾಲಿಗೆ ಹೋಯಿತು. ‘ಬೇಟಾ, ಇದು ತಪ್ಪು ಅಂಕಣದಲ್ಲಿದೆ’ ಎಂದರು. ಬೇರೆ ಏನೂ ಹೇಳಲಿಲ್ಲ.

ನನಗೆ ನಾಚಿಕೆಯಾಯಿತು. ಡ್ರಾಪ್ಸ್ ಹಾಕಿದ ಮೇಲೆ ದಾದಿಮಾ ಕಣ್ಣು ಮುಚ್ಚಿಕೊಂಡು, ನನ್ನ ಕೈ ಹಿಡಿದುಕೊಂಡೇ ಮಾತನಾಡುತ್ತಾರೆ. ನಾನು ಇನ್ನೊಂದು ಕೈಯಲ್ಲಿ ಫೋನ್ ನೋಡುತ್ತಿದ್ದೆ! ಕೈಬಿಟ್ಟ ಹಣವೆಲ್ಲ ನಷ್ಟವಲ್ಲ ಎಂದು ಪಾಠದಲ್ಲಿ ಓದಿದ್ದರೂ ಲೆಕ್ಕ ತಪ್ಪು ಬರೆದಿದ್ದೆ. ಆ ಸಾಲು ಹೊಡೆದುಹಾಕಿದ ಮೇಲೆ 130 ನಿಮಿಷ ಉಳಿಯಿತು. ನಾನು ಬಿಟ್ಟ ದೊಡ್ಡ ಲೆಕ್ಕದಂಥ ಎರಡು ಮೂರು ಲೆಕ್ಕಗಳನ್ನಾದರೂ ಅಷ್ಟರಲ್ಲಿ ಮಾಡಬಹುದಿತ್ತು.

ಸೂರಃ ಅಲ್-ಅಸ್ರ್ ಕುರ್‌ಆನಿನ 103ನೇ ಅಧ್ಯಾಯ, ಇರುವುದು ಮೂರೇ ವಚನ. ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದೆ. ಅಸ್ರ್ ಎಂದರೆ ಕಾಲ. ಅದರಲ್ಲಿ ಬರುವ ‘ಖುಸ್ರ್’ ಎಂದರೆ ನಷ್ಟ. ಅಬ್ಬು ವ್ಯಾಪಾರ ಕಡಿಮೆಯಾದಾಗ ಹೇಳುವ ‘ಖಸಾರಾ’ ಅದೇ ಧಾತುವಿನಿಂದ ಬಂದ ಉರ್ದು ಪದ. ಕಾಲ ಮತ್ತು ನಷ್ಟ ಎರಡೂ ಒಂದೇ ಕಡೆ ಇರುವುದನ್ನು ಕಾಮರ್ಸ್ ಓದುವ ನಾನು ಈಗ ಗಮನಿಸಿದೆ.

ಪೆಟ್ಟಿ ಕ್ಯಾಷಿಯರ್‌ಗೆ ಖರ್ಚಾದಷ್ಟು ಹಣ ಮತ್ತೆ ತುಂಬಿಕೊಡುತ್ತಾರೆ. ನಮಗೂ ಬೆಳಿಗ್ಗೆ ಹೊಸ 1,440 ನಿಮಿಷ ಸಿಗುತ್ತದೆ. ಆದರೆ ವಾರ್ಷಿಕ ಪರೀಕ್ಷೆಯ ದಿನಾಂಕ ಮುಂದಕ್ಕೆ ಹೋಗುವುದಿಲ್ಲ.

ಅಭ್ಯಾಸ

ಗೆಳೆಯರೇ, ಒಂದು ದಿನದ ಲೆಕ್ಕ ನೀವೂ ಬರೆಯಿರಿ. ಅದರಿಂದ ‘ಫ್ರಿಟರ್ ಅವೇ’ ಬಳಸಿ ಎರಡು ಇಂಗ್ಲಿಷ್ ವಾಕ್ಯ ಮಾಡಿ. ಪೋಲಿನ ಅಂಕಣದಲ್ಲಿ ತಪ್ಪಾಗಿ ಸೇರಿದ ಸಾಲು ಇದ್ದರೆ ಮೊದಲು ಅದನ್ನು ಹೊಡೆದುಹಾಕಿ.